ಕುರಿ ಮೈಯಿಂದ ಅಪ್ಪನ ಮೈಗೆ

ಎಂಟು ಹಾಕುವಾಗ ಕಾಲು ಊರಿಬಿಟ್ಟೆ. ಆದದ್ದು ಇಷ್ಟೇ. ದುರ್ಗಕ್ಕೆ ಸ್ಕೂಟರಿನ ಲೈಸೆನ್ಸಿಗೆ ಅಂತ ಹೋಗಿದ್ದೆ. ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಮೊದಲನೇ ತಿರುವು ಮಹಾರಾಣಿಯ ಹಾಗೆ ತಿರುಗಿದೆ. ಎರಡನೇ ತಿರುವಿನಲ್ಲಿ ಯಾಕೋ ಎಡಗಾಲು ತಾನಾಗೇ ಇಳಿಯಿತು. ಟೆಸ್ಟ್ ಮಾಡುತ್ತಿದ್ದ ಹುಡುಗ ನನ್ನ ಶಿಷ್ಯರ ಮಕ್ಕಳ ವಯಸ್ಸಿನವನು. "ಇರ್ಲಿ ಬಿಡ್ರಿ ಮೇಡಂ, ಇನ್ನೊಂದ್ಸಲ ಬರ್ರಿ" ಅಂದ. ಸಾಲಿನಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಆದರೆ ಹೊಸದುರ್ಗದ ಬಸ್ಸು ಹತ್ತಿ ಕೂತ ಮೇಲೆ ಆ ನಗು ಎಲ್ಲಿ ಹೋಯಿತೋ. ರಿಟೈರ್ ಆಗಿ, ಮೊಮ್ಮಕ್ಕಳನ್ನು ಕಂಡ ಮೇಲೆ ನಿನಗ್ಯಾಕೆ ಬೇಕಿತ್ತೇ ಕೆಂಚಮ್ಮ ಈ ಸ್ಕೂಟರ್ ಸವಾರಿ? ಸಾಕು, ಬಿಟ್ಟುಬಿಡು ಅಂತ ನನಗೆ ನಾನೇ ಹೇಳಿಕೊಂಡು ಕಿಟಕಿಗೆ ತಲೆ ಆನಿಸಿದೆ.

ಹೊಳಲ್ಕೆರೆ ದಾಟುವ ಹೊತ್ತಿಗೆ ಮಳೆ ಹಿಡಿಯಿತು. ಯಾವುದೋ ಗೇಟಿನ ಹತ್ತಿರ ಬಸ್ಸು ನಿಂತಾಗ ಕುರಿ ಕಾಯುವವರೊಬ್ಬರು ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡೇ ಹತ್ತಿದರು. ನೆಂದ ಕಂಬಳಿಯ ವಾಸನೆ ಗೊತ್ತಲ್ಲ, ಬಸ್ಸಿಗೆ ಬಸ್ಸೇ ತುಂಬಿಕೊಂಡಿತು. ಮುಂದಿನ ಸೀಟಿನ ಹೆಂಗಸು ಮೂಗು ಮುಚ್ಚಿದಳು. ಕಂಡಕ್ಟರ್ "ಯಜಮಾನ್ರೇ, ಹಿಂದಕ್ಕೆ ಹೋಗ್ರಿ" ಅಂದ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಖ ಅರಳಿತು. "ಇಲ್ಲಿ ಬರ್ರಿ, ಕುಂತ್ಕಳ್ರಿ" ಅಂತ ಜರುಗಿ ಜಾಗ ಕೊಟ್ಟೆ.

"ನಿಮ್ಮ ಸೀರೆ ಒದ್ದೆ ಆಗ್ತೈತಮ್ಮ" ಅಂದರು.

"ಆಗ್ಲಿ ಬಿಡ್ರಿ" ಅಂತ ಕಂಬಳಿಯ ಅಂಚನ್ನು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದೆ. ಸಡಿಲ ನೇಯ್ಗೆ. "ಮಳೆ ಇಳೀತೈತೇನು?"

"ಇಳೀದೆ ಏನು, ನೋಡ್ರಿ" ಅಂತ ನೆಂದ ಅಂಗಿಯ ಭುಜ ತೋರಿಸಿದರು. "ಅಂಗಡಿ ಕಂಬಳಿ ಇದು. ಈಗ ಕೈಯಾಗೆ ಯಾರು ನೇಯ್ತಾರೆ?"

"ನಾನು ನೇಯ್ದಿದ್ದೆ ಒಂದು" ಅಂದೆ. ಅವರು ನನ್ನ ಕನ್ನಡಕ, ಕೈಗಡಿಯಾರ, ಕಾಲಲ್ಲಿದ್ದ ಶೂ ಎಲ್ಲವನ್ನೂ ನಿಧಾನವಾಗಿ ನೋಡಿ ನಕ್ಕರು. ನಂಬಲಿಲ್ಲ. ಹೊಸದುರ್ಗ ಬರುವವರೆಗೆ ಹೊತ್ತಿತ್ತಲ್ಲ, ಹೇಳಿದೆ.

ನಾನು ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ. ಶ್ರೀರಾಂಪುರದಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ನಮ್ಮೂರು. ಮನೆಯ ಹಿಂದೆ ರೊಪ್ಪ, ಅಂದರೆ ಮುಳ್ಳುಬೇಲಿ ಹಾಕಿ ಕುರಿ ಕೂಡುವ ಜಾಗ. ಮುಂದೆ ಒಂದಿಷ್ಟು ರಾಗಿ ಹೊಲ. ಕುರಿ ಅಪ್ಪನದು, ಕಂಬಳಿ ನೇಯುವ ಮಗ್ಗ ದೊಡ್ಡಪ್ಪನದು. ಅಜ್ಜನ ಕಾಲದಲ್ಲಿ ಎರಡೂ ಒಂದೇ ಸೂರಿನಡಿ ಇದ್ದವಂತೆ. ಭಾಗ ಆಗುವಾಗ ಅಪ್ಪ "ಕುಂತು ಮಾಡೋ ಕೆಲಸ ನನಗೆ ಬ್ಯಾಡ" ಅಂದನಂತೆ, ದೊಡ್ಡಪ್ಪ "ನಡೆದು ಮಾಡೋ ಕೆಲಸ ನನಗೆ ಬ್ಯಾಡ" ಅಂದನಂತೆ. ಜಗಳವಿಲ್ಲದೆ ಮುಗಿದ ಭಾಗ ಅದೊಂದೇ ಅಂತ ಊರಲ್ಲಿ ಆಡಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ನಡುಮಧ್ಯೆ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಓಣಿಯಲ್ಲಿ ಪಾಸಾದ ಮೊದಲನೇ ಹೆಣ್ಣುಹುಡುಗಿ ಅನ್ನುವ ಜಂಬ ಬೇರೆ. ಮನಸ್ಸಿನಲ್ಲಿದ್ದದ್ದು ಒಂದೇ, ದುರ್ಗಕ್ಕೆ ಹೋಗಿ ಟಿ.ಸಿ.ಎಚ್. ಮುಗಿಸಿ ಟೀಚರಾಗಬೇಕು. ಆದರೆ ನನಗೆ ಮನೆಯಲ್ಲಿದ್ದ ಹೆಸರು ಬೇರೆಯೇ. ಅರೆಬರೆ ಕೆಂಚಿ. ಹಿಂದಿ ಪರೀಕ್ಷೆಗೆ ಕಟ್ಟಿ, ಪುಸ್ತಕಕ್ಕೆ ರಟ್ಟು ಹಾಕಿ, ಪರೀಕ್ಷೆಗೆ ಹೋಗಿರಲಿಲ್ಲ. ಶ್ರೀರಾಂಪುರದಲ್ಲಿ ಹೊಲಿಗೆ ಕಲಿಯುತ್ತೇನೆ ಅಂತ ಹೋಗಿ, ಒಂದು ಲಂಗಕ್ಕೆ ಒಂದು ಕಡೆ ಹೊಲಿದು ವಾಪಸ್ ಬಂದಿದ್ದೆ. ಪಡಸಾಲೆಯ ಗೋಡೆಗೆ ನಾನು ಕಸೂತಿ ಹಾಕಿದ ಗಿಣಿ ನೇತಾಡುತ್ತಿತ್ತು, ಅದಕ್ಕೆ ಬಾಲವಿರಲಿಲ್ಲ. ಬಂದವರೆಲ್ಲ "ಇದ್ಯಾವ ಹಕ್ಕಿ?" ಅಂತ ಕೇಳಿದರೆ ಅವ್ವ, "ನಮ್ಮ ಕೆಂಚಿ ಹಕ್ಕಿ, ಬಾಲ ಬರೋ ಹೊತ್ತಿಗೆ ಹಾರಿಹೋತು" ಅನ್ನುತ್ತಿದ್ದಳು.

ಅಪ್ಪ ರೊಪ್ಪದಲ್ಲಿ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಗೊರಸಿನ ಮುಳ್ಳು ತೆಗೆಯುತ್ತಿದ್ದಾಗ ಹೋಗಿ ಎದುರು ನಿಂತೆ. "ಅಪ್ಪ, ಟ್ರೈನಿಂಗಿಗೆ ಹೋಗ್ತೀನಿ. ದುರ್ಗಕ್ಕೆ" ಅಂದೆ.

"ಎಷ್ಟು ವರ್ಷದ್ದು?"

"ಎರಡು."

ಒಳಗಿನಿಂದ ಅವ್ವ ನಕ್ಕಿದ್ದು ರೊಪ್ಪದವರೆಗೂ ಕೇಳಿತು. "ಎರಡು ವರ್ಷವಂತೆ! ಗಿಣಿಗೆ ಬಾಲ ಹಾಕಾಕೆ ಎರಡು ದಿನ ಕೂರ್ಲಿಲ್ಲ ಮಹಾತಾಯಿ."

ಅಪ್ಪ ನಗಲಿಲ್ಲ. ಅಪ್ಪ ಮಾತು ಕಮ್ಮಿ, ಬೀಡಿ ಜಾಸ್ತಿ. ಮುಳ್ಳು ತೆಗೆದು ಮರಿಯನ್ನು ಬಿಟ್ಟು, "ಮಕ್ಕಳಿಗೆ ಅರ್ಧ ಅಕ್ಷರ ಕಲಿಸಿ ಓಡಿ ಬರ್ತೀಯೇನವ್ವ?" ಅಂದ. ಆಮೇಲೆ ಅವನು ಹೇಳಿದ್ದನ್ನು ಇವತ್ತಿಗೂ ಒಂದಕ್ಷರ ತಪ್ಪದೆ ಹೇಳಬಲ್ಲೆ.

"ಒಂದು ಕಂಬಳಿ ಮಾಡು. ಕುರಿ ಮೈಯಿಂದ ನನ್ನ ಮೈಗೆ. ಕಲಿಸೋರು ಕಲಿಸ್ಲಿ, ಬೈಯೋರು ಬೈಲಿ, ಕೈ ಮಾತ್ರ ನಿಂದೇ ಇರ್ಬೇಕು. ಮುಂದಿನ ಮುಂಗಾರಿಗೆ ಅದನ್ನ ಹೊದ್ದು ಕುರಿ ಹಿಂದೆ ಹೋಗ್ತೀನಿ. ಮಳೆ ಇಳೀಲಿಲ್ಲ ಅಂದ್ರೆ ದುರ್ಗ. ಇಳೀತು ಅಂದ್ರೆ ಯಲ್ಲದಕೆರೆ."

ಯಲ್ಲದಕೆರೆಯಲ್ಲಿದ್ದದ್ದು ನನ್ನ ಸೋದರತ್ತೆ. ಅವಳ ಮಗನಿಗೆ ನನ್ನನ್ನು ಕೇಳಿ ಆಗಲೇ ಒಂದು ವರ್ಷವಾಗಿತ್ತು. ಹುಡುಗ ಕೆಟ್ಟವನಲ್ಲ, ಕುರಿ ಹೊಲ ಎಲ್ಲ ಚೆನ್ನಾಗಿದ್ದವು. ಆದರೆ ಅವನು ನಕ್ಕರೆ ಮೂಗಿನಿಂದ ಗೊರ್ ಅಂತ ಸದ್ದು ಬರುತ್ತಿತ್ತು. ಜೀವಮಾನವಿಡೀ ಆ ಸದ್ದು ಕೇಳಬೇಕಾ ಅನ್ನುವುದೇ ನನ್ನ ಚಿಂತೆ.

ಅವ್ವ ಹೊರಗೆ ಬಂದಳು. "ಹೆಣ್ಣುಮಕ್ಕಳು ನೂಲ್ತಾರೆ, ಗಂಡಸ್ರು ನೇಯ್ತಾರೆ. ಹೆಣ್ಣುಡುಗಿ ಮಗ್ಗಕ್ಕೆ ಕೂರೋದು ಇದ್ಯಾವ ಹೊಸ ಶಾಸ್ತ್ರ?"

"ಹೆಣ್ಣುಡುಗಿ ದುರ್ಗಕ್ಕೆ ಹೋಗೋದೂ ಹೊಸ ಶಾಸ್ತ್ರನೇ" ಅಂತ ಅಪ್ಪ ಬೀಡಿ ಹಚ್ಚಿದ.

ತುಪ್ಪಟ, ಅಂದರೆ ಕುರಿಯ ಉಣ್ಣೆ, ಕತ್ತರಿಸುವುದರಿಂದಲೇ ಶುರು. ಮೊದಲು ಕುರಿಗಳನ್ನು ಹಳ್ಳಕ್ಕೆ ಇಳಿಸಿ ಮೈ ತೊಳೆಯಬೇಕು. ನಾನು ಕುರಿ ತೊಳೆದೆನೋ ಕುರಿ ನನ್ನನ್ನು ತೊಳೆಯಿತೋ, ಮನೆಗೆ ಬರುವಾಗ ಯಾರ ಮೈ ಹೆಚ್ಚು ಒದ್ದೆಯಾಗಿತ್ತು ಅಂತ ಹೇಳುವುದು ಕಷ್ಟ. ಮೈ ಒಣಗಿದ ಮೇಲೆ ಕಾಲು ಕಟ್ಟಿ ಮಲಗಿಸಿ ಕತ್ತರಿ ಹಾಕಿದೆ. ಮೊದಲನೇ ಕುರಿಯ ಬೆನ್ನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಂತು. ಬಿಟ್ಟ ಕೂಡಲೇ ಅದು ಎದ್ದು ಹೋಗಿ ಮಂದೆಯ ನಡುವೆ ತೂರಿಕೊಂಡಿತು. ನಾಚಿಕೆಯಾಗಿರಬೇಕು ಪಾಪ. "ಲೇ, ಒಂದೇ ಸಲ ಕತ್ತರಿ ಹಾಕು. ಎರಡೆರಡು ಸಲ ಹಾಕಿದ್ರೆ ತುಪ್ಪಟ ತುಂಡಾಗ್ತೈತೆ, ತುಂಡು ತುಪ್ಪಟದಾಗೆ ನೂಲು ಬರಲ್ಲ" ಅಂದ ಅಪ್ಪ. ಅಂದರೆ, ಬುಡಕ್ಕೆ ಕತ್ತರಿ ಇಟ್ಟ ಮೇಲೆ ಹಿಂದೆ ಮುಂದೆ ನೋಡುವ ಹಾಗಿಲ್ಲ. ಹೆದರಿ ಹೆದರಿ ಕತ್ತರಿಸಿದರೆ ಎರಡು ಸಲ ಆಗುತ್ತೆ. ಸಂಜೆ ಹೊತ್ತಿಗೆ ಅಂಗೈ ಬೊಬ್ಬೆ ಬಂದಿತ್ತು, ಆದರೆ ಕೊನೆಯ ಕುರಿಯ ತುಪ್ಪಟ ಹಚ್ಚಡದ ಹಾಗೆ ಒಂದೇ ಹಾಸಿನಲ್ಲಿ ಇಳಿಯಿತು. ಅಪ್ಪ ಅದನ್ನು ಎತ್ತಿ ನೋಡಿ ಪಕ್ಕಕ್ಕೆ ಇಟ್ಟ. ಹೊಗಳಿಕೆ ಅಂದರೆ ನಮ್ಮ ಮನೆಯಲ್ಲಿ ಅಷ್ಟೇ.

ಹಿಂಜಿ, ಕಸ ಆರಿಸಿ, ರಾಟೆಗೆ ಕೂತದ್ದು ಮಳೆಗಾಲ ಪೂರ್ತಿ. ಅವ್ವ ರಾಟೆ ತಿರುಗಿಸಿದರೆ ನೂಲು ನೀರು ಸುರಿದ ಹಾಗೆ ಬರುತ್ತಿತ್ತು. ನನ್ನದು ಹಾವು ಇಲಿ ನುಂಗಿದ ಹಾಗೆ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ. ಅವ್ವ ಬಂದು ನೋಡುವಳು, ಬೆರಳಿನಲ್ಲಿ ಎಳೆಯುವಳು, ಟಪ್ ಅಂತ ಕಿತ್ತು ಬರುವುದು. "ಇನ್ನೊಂದ್ಸಲ" ಅನ್ನುವಳು. ಬೈದಿದ್ದರೆ ಎದ್ದು ಹೋಗುತ್ತಿದ್ದೆ, ಬೈಯಲೂ ಇಲ್ಲ. ದಿನಾ ಇದೇ ಆದ ಮೇಲೆ ನನಗೆ ಸಿಟ್ಟು ನೆತ್ತಿಗೇರಿ, "ನಿನ್ನ ಕೈಗೇ ನೂಲು ಬರ್ತೈತೆ, ನನ್ನ ಕೈಗೆ ಬರಲ್ಲ" ಅಂದೆ.

"ನನಗೂ ಬರ್ತಿರಲಿಲ್ಲ" ಅಂದಳು ಅವ್ವ. "ನಮ್ಮತ್ತೆ ನನ್ನ ನೂಲು ನೋಡಿ ಕೋಳಿ ಕಾಲಿಗೆ ಕಟ್ಟಿದ್ಲು. ಊರೆಲ್ಲ ನೋಡ್ತು. ನಾನು ನಿನಗೆ ಹಂಗೇನೂ ಮಾಡಿಲ್ಲವಲ್ಲ?"

ಆ ಕೋಳಿಯನ್ನು ನೆನೆಸಿಕೊಂಡು ಇಬ್ಬರೂ ರಾಟೆ ಬಿಟ್ಟು ನಕ್ಕೆವು. ಮರುದಿನವೋ ಅದರ ಮರುದಿನವೋ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ಮಧ್ಯಾಹ್ನ, ನಾನು ಏನನ್ನೋ ಯೋಚಿಸುತ್ತಾ ತಿರುಗಿಸುತ್ತಿದ್ದೆ. ನೋಡುತ್ತೇನೆ, ನೂಲು ಬರುತ್ತಾ ಇದೆ. ದಪ್ಪ ಇಲ್ಲ, ಸಣ್ಣ ಇಲ್ಲ, ತಾನಾಗೇ ಬರುತ್ತಾ ಇದೆ. ಅಯ್ಯೋ, ಆ ಖುಷಿ ಏನಂತ ಹೇಳಲಿ! ಎದ್ದರೆ ಎಲ್ಲಿ ನಿಂತುಬಿಡುತ್ತದೋ ಅಂತ ಊಟಕ್ಕೂ ಏಳಲಿಲ್ಲ. ಅವ್ವ ಮುದ್ದೆಯನ್ನು ಅಲ್ಲಿಗೇ ತಂದು ಬಾಯಿಗಿಟ್ಟಳು.

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಹಾಸು ಹಾಕುವುದು. ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳಿಗೆ ಹಾಸು ಅನ್ನುತ್ತಾರೆ. ಅವನ್ನು ಓಣಿಯ ಉದ್ದಕ್ಕೂ ಗೂಟ ನೆಟ್ಟು ಎಳೆದು ಕಟ್ಟಿ, ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ಕುಂಚದಲ್ಲಿ ಬಳಿದು ಬಿಸಿಲಿಗೆ ಒಣಗಿಸಬೇಕು. ಗಂಜಿ ಕುಡಿದ ಎಳೆ ಬಿಗಿಯಾಗುತ್ತದೆ, ಮಗ್ಗದಲ್ಲಿ ಹರಿಯುವುದಿಲ್ಲ. ಇಲ್ಲಿಂದ ಗುರು ದೊಡ್ಡಪ್ಪ. ಅಪ್ಪನಿಗಿಲ್ಲದ ಮಾತೆಲ್ಲ ದೊಡ್ಡಪ್ಪನ ಪಾಲಿಗೆ ಬಂದಿದ್ದವು. ಬೆಳಗಿನ ಜಾವದಿಂದ ಪಕ್ಕದಲ್ಲಿ ನಿಂತು ಹೇಳಿದ್ದೇ ಹೇಳಿದ್ದು. "ಹಂಗಲ್ಲ ಕಣೆ, ಹಿಂಗೆ. ಕುಂಚ ಸವರ್ಬೇಕು, ಗೋಡೆಗೆ ಸಗಣಿ ಬಳಿದಂಗೆ ಬಳೀಬ್ಯಾಡ. ಮತ್ತೆ ನೋಡು, ಹಾಸು ಬಿಸಿಲಿಗಿದ್ದಾಗ ಬಾಯಿ ಮುಚ್ಕಂಡಿರ್ಬೇಕು. ನಗೋದು, ಕೂಗೋದು, ಏನೂ ಇಲ್ಲ." ಇದು ಯಾವುದೋ ಹಳೇ ಮಡಿ ಅಂದುಕೊಂಡೆ. ಯಾಕೆ ಅಂತ ಕೇಳಲಿಲ್ಲ.

ಬಳಿದು ಮುಗಿಸಿದೆ. ಸೂರ್ಯ ಏರಿದ್ದ. ಓಣಿ ತುಂಬ ನಾನು ನೂತ ಎಳೆಗಳು ಮಿರಿಮಿರಿ ಮಿಂಚುತ್ತಾ ಒಣಗುತ್ತಿದ್ದವು. ಅಪ್ಪ ಆಗಷ್ಟೇ ಮಂದೆ ಹೊರಡಿಸಿಕೊಂಡು ಓಣಿಯ ಹಿಂದಿನಿಂದ ಹೊಲದ ಕಡೆ ಹೋಗಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಮೇಕೆಯೊಂದು ಬಂದು ಹಾಸಿನ ತುದಿ ಮೂಸಿ ನೆಕ್ಕಲು ಶುರು ಮಾಡಿತು. ಹುಣಸೆ ಬೀಜದ ಗಂಜಿ ಅಂದರೆ ಅದಕ್ಕೆ ಪಾಯಸವಾಗಿತ್ತು. ಬೇರೆ ಯಾವ ಮನೆಯ ಹುಡುಗಿಯಾಗಿದ್ದರೂ ಕೈ ಬೀಸಿ ಓಡಿಸುತ್ತಿದ್ದಳು, ಕಲ್ಲೆತ್ತಿಕೊಳ್ಳುತ್ತಿದ್ದಳು. ನಾನು ಕುರಿ ಮನೆಯವಳು. ಗಾಬರಿಯಾದಾಗ ನನ್ನ ಬಾಯಿಂದ ಬರುವುದು ಒಂದೇ ಕೂಗು. ದಿನಾ ಸಂಜೆ ರೊಪ್ಪದ ಬಾಗಿಲಲ್ಲಿ ಹುರುಳಿ ಹೊಟ್ಟು ಹಿಡಿದು ಮಂದೆಯನ್ನು ಕರೆಯುತ್ತಿದ್ದ ನಮ್ಮ ಮನೆಯ ಕೂಗು. "ಟುರ್ರ್ರ್ರ್... ಹೋಯ್ ಹೋಯ್ ಹೋಯ್!"

ಮೇಕೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆದರೆ ಹೊಲದ ಅಂಚಿನಲ್ಲಿ ನಮ್ಮ ಮಂದೆ ನಿಂತಿತು. ತಲೆ ಎತ್ತಿತು. ಬೆಳಿಗ್ಗೆಯೇ ಹುರುಳಿ ಹೊಟ್ಟು! ಅಂತ ಅಷ್ಟೂ ಕುರಿ ಒಟ್ಟಿಗೆ ತಿರುಗಿ ಓಡಿ ಬಂದವು. ಮನೆಗೆ ಹತ್ತಿರದ ದಾರಿ ಯಾವುದು? ಓಣಿ. ನಾನು ಎರಡೂ ಕೈ ಅಗಲಿಸಿ ನಿಂತೆ. "ಬ್ಯಾಡ, ಬ್ಯಾಡ" ಅಂತ ಕಿರುಚಿದೆ. ಕೈ ಅಗಲಿಸಿ ಕಿರುಚುವವಳನ್ನು ನೋಡಿ ಅವು ಇನ್ನೂ ಖುಷಿಯಾದವು. ಧೂಳು, ಗೊರಸು, ಮ್ಯಾ ಮ್ಯಾ ಅನ್ನುವ ಗದ್ದಲ, ಗೂಟಗಳು ಫಟ್ ಫಟ್ ಕಿತ್ತುಬರುವ ಸದ್ದು. ಧೂಳು ಇಳಿದಾಗ ಓಣಿಯಲ್ಲಿ ಹಾಸು ಇರಲಿಲ್ಲ. ಕುರಿಗಳ ಕೊರಳಲ್ಲಿತ್ತು, ಕಾಲಲ್ಲಿತ್ತು. ದೊಡ್ಡ ಟಗರು ಕೋಡಿನಿಂದ ಎಳೆಗಳನ್ನು ಇಳಿಬಿಟ್ಟುಕೊಂಡು ಬಾಸಿಂಗ ಕಟ್ಟಿದ ಮದುಮಗನ ಹಾಗೆ ನಿಂತಿತ್ತು.

ದೊಡ್ಡಪ್ಪ ಜಗಲಿಯ ಮೇಲೆ ಕುಸಿದು ಕೂತ. ಅಳುತ್ತಿದ್ದಾನೆ ಅಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಬಾಯಿ ಮುಚ್ಕಂಡಿರು ಅಂದಿದ್ನಲ್ಲೇ! ನಾನೂ ಹಿಂಗೇ ಕರೆದಿದ್ದೆ ಕಣೆ, ನಿನ್ನಷ್ಟಿದ್ದಾಗ. ಇದೇ ಓಣಿ!"

ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತಾ ಬಂದ. "ಯಾರೇ ಕೂಗಿದ್ದು?"

"ನಾನು" ಅಂದೆ.

ಅಪ್ಪ ಓಣಿ ನೋಡಿದ, ಟಗರು ನೋಡಿದ, ನನ್ನ ಮುಖ ನೋಡಿದ. ಅವನ ಮೀಸೆ ಒಂದು ಸಲ ಅದುರಿದ್ದನ್ನು ನಾನು ಕಂಡೆ, ಸುಳ್ಳಲ್ಲ. "ಹೊಟ್ಟು ಹಾಕು" ಅಂದ.

"ಅಪ್ಪ, ನನ್ನ ಹಾಸು..."

"ಹಾಸು ಆಮೇಲೆ. ಕರೆದಿದೀಯ, ಅವು ನಂಬಿ ಬಂದವೆ. ಕರೆದ ಮೇಲೆ ಹಾಕ್ಬೇಕು."

ಹಾಕಿದೆ. ಅಳುತ್ತಾ ಅಳುತ್ತಾ ಮೊರದಲ್ಲಿ ಹೊಟ್ಟು ತಂದು, ನನ್ನ ವರ್ಷದ ಕೆಲಸವನ್ನು ತುಳಿದು ಬಂದ ಆ ಹೊಟ್ಟೆಬಾಕಗಳಿಗೆ ಹಾಕಿದೆ. ಒಂದೊಂದೇ ಕುರಿಯ ಕೊರಳಿನಿಂದ ಎಳೆ ಬಿಡಿಸಿಕೊಂಡೆ. ಮೂರು ಪಾಲಿನಲ್ಲಿ ಒಂದು ಪಾಲು ಹರಿದಿತ್ತು, ಉಳಿದದ್ದು ಸಿಕ್ಕು. ಅದನ್ನೆಲ್ಲ ಬುಟ್ಟಿಗೆ ತುಂಬಿ ರೊಪ್ಪದ ಮೂಲೆಯಲ್ಲಿ ಕೂತು, "ನನ್ನ ಕೈಲಾಗಲ್ಲ, ಬಿಟ್ಟೆ" ಅಂದೆ. ಆ ಮಾತು ನನಗೆ ರೂಢಿಯಾಗಿತ್ತು, ಸಲೀಸಾಗಿ ಬಂತು.

ಅವ್ವ ಬಂದು ಪಕ್ಕದಲ್ಲಿ ಕೂತಳು. ಸಮಾಧಾನ ಮಾಡುತ್ತಾಳೆ ಅಂತ ನಾನು ಕಾದರೆ, ಮೆತ್ತಗೆ ಕೇಳಿದಳು. "ಯಲ್ಲದಕೆರೆಗೆ ಹೇಳಿ ಕಳಿಸ್ಲೇನು?" ಅಂದು, ಮೂಗಿನಿಂದ ಗೊರ್ ಅಂತ ಸದ್ದು ಮಾಡಿದಳು.

ನಗಬಾರದು ಅಂತ ಎಷ್ಟು ಹಲ್ಲು ಕಚ್ಚಿದರೂ ನಗು ಬಂದೇಬಿಟ್ಟಿತು. ಅತ್ತುಕೊಂಡೇ ನಕ್ಕೆ. ಬುಟ್ಟಿ ಎತ್ತಿಕೊಂಡು ದೊಡ್ಡಪ್ಪನ ಮನೆಗೆ ನಡೆದೆ.

ಹರಿದ ತುದಿಗಳನ್ನು ಗಂಟು ಹಾಕಲು ಹೋದರೆ ದೊಡ್ಡಪ್ಪ ಕೈ ಹಿಡಿದ. "ಗಂಟು ಹಾಕಬ್ಯಾಡ. ಗಂಟು ಬಿದ್ದ ಕಡೆ ಮಳೆ ದಾರಿ ಮಾಡ್ಕಂತೈತೆ. ಎರಡು ತುದೀನೂ ಬಿಚ್ಚು, ಒಂದರೊಳಗೊಂದು ಸೇರ್ಸು, ಉಗುಳು ಹಚ್ಚಿ ಹೊಸೆ. ಎಲ್ಲಿ ಸೇರಿಸಿದ್ದು ಅಂತ ನಿನಗೇ ಗೊತ್ತಾಗಬಾರ್ದು." ದೀಪದ ಬತ್ತಿ ಹೊಸೆದು ಹೊಸೆದು ನನ್ನ ಬೆರಳಿಗೆ ಆ ಕೆಲಸ ಸ್ವಲ್ಪ ಗೊತ್ತಿತ್ತು. ಆದರೆ ಬತ್ತಿ ಎಷ್ಟು, ಇದೆಷ್ಟು! ಗಂಜಿ ಕಟ್ಟಿದ ತುದಿಯನ್ನು ಬಿಸಿನೀರಲ್ಲಿ ನೆನೆಸುವುದು, ಬಿಚ್ಚುವುದು, ಹೊಸೆಯುವುದು, ಎಳೆದು ನೋಡುವುದು. ಬಂದರೆ ಮುಂದಿನದು, ಕಿತ್ತರೆ ಇನ್ನೊಂದ್ಸಲ.

ಮೊದಮೊದಲು ಬುಟ್ಟಿಯಲ್ಲಿ ಎಷ್ಟು ಉಳಿದಿದೆ ಅಂತ ಗಳಿಗೆಗೊಮ್ಮೆ ಇಣುಕುತ್ತಿದ್ದೆ. ಇಣುಕಿದಷ್ಟೂ ಎದೆ ಒಡೆಯುತ್ತಿತ್ತು. ಯಾವಾಗ ಇಣುಕುವುದು ಬಿಟ್ಟೆನೋ ನೆನಪಿಲ್ಲ. ಒಂದು ದಿನ ಹೊಸೆಯುತ್ತಾ ಕೂತಿದ್ದೇನೆ, ಹೊರಗೆ ಹೊಂಗೆ ಹೂವು ಉದುರುತ್ತಿದೆ, ದೊಡ್ಡಪ್ಪ ಏನೋ ಊರ ಪುರಾಣ ಹೇಳುತ್ತಿದ್ದಾನೆ, ಕೈ ಹಾಕಿದರೆ ಬುಟ್ಟಿ ಖಾಲಿ. ಮುಗಿದುಹೋಯಿತಲ್ಲ ಅಂತ ಬೇಜಾರಾಯಿತು ನೋಡಿ! ಅರೆಬರೆ ಕೆಂಚಿಗೆ ಕೆಲಸ ಮುಗಿದದ್ದಕ್ಕೆ ಬೇಜಾರು. ನಾನೇ ನನ್ನ ಮೈ ಚಿವುಟಿಕೊಳ್ಳಬೇಕು ಅನ್ನಿಸಿತು.

ಮತ್ತೆ ಓಣಿಯಲ್ಲಿ ಗೂಟ ನೆಟ್ಟೆ, ಮತ್ತೆ ಗಂಜಿ ಕಾಯಿಸಿದೆ. ಈ ಸಲ ದೊಡ್ಡಪ್ಪ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಾಯಿಗೆ ಬಿಗಿದು ಕಟ್ಟಿದ. ಹಾಸು ಒಣಗುವವರೆಗೆ ಬಿಚ್ಚುವ ಹಾಗಿಲ್ಲ. ಓಣಿಯಲ್ಲಿ ಹೋಗಿ ಬರುವ ಹೆಂಗಸರೆಲ್ಲ ನಿಂತು, "ಏನವ್ವ ಕೆಂಚಿ, ಒಂದು ಪದ ಹೇಳವ್ವ" ಅಂತ ಕಾಡಿಸಿದರು. ಪಕ್ಕದ ಮನೆಯ ಮೇಕೆ ಬಂತು. ನಾನು ಟವೆಲ್ಲಿನೊಳಗೇ ಊಂ ಊಂ ಅನ್ನುತ್ತಾ ಪೊರಕೆ ಹಿಡಿದು ಅದನ್ನು ಊರಾಚೆಯವರೆಗೆ ಅಟ್ಟಿಸಿಕೊಂಡು ಹೋದೆ.

ಮಗ್ಗ ಅಂದರೆ ನೆಲದಲ್ಲಿ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಲ್ಲಿ ಎಳೆ ಮೇಲೆ ಕೆಳಗೆ ಮಾಡುತ್ತಾ, ಕೈಯಲ್ಲಿ ಲಾಳಿ ತೂರಿಸಿ, ಮರದ ಹಲಗೆಯಿಂದ ಬಡಿದು ಬಿಗಿ ಮಾಡಬೇಕು. ನನ್ನ ಕಾಲು ಗುಂಡಿಯ ತಳ ಮುಟ್ಟುತ್ತಿರಲಿಲ್ಲ, ಕೆಳಗೆ ಗೋಣಿಚೀಲ ಮಡಿಸಿ ಇಟ್ಟರು. ಕೈ ನೋಡಿದರೆ ಕಾಲು ಮರೆಯುತ್ತಿತ್ತು, ಕಾಲು ನೆನೆದರೆ ಕೈ ನಿಲ್ಲುತ್ತಿತ್ತು. ಒಂದು ಗೇಣು ನೇಯ್ದು ನೋಡಿದರೆ ಅಂಚು ಹಳ್ಳದ ದಡದ ಹಾಗೆ ಅಂಕುಡೊಂಕು. ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ನಾನೇ "ಇನ್ನೊಂದ್ಸಲ" ಅಂತ ಬಿಚ್ಚಿದೆ. ಅವನು ತೆರೆದ ಬಾಯಿ ಮುಚ್ಚಿಕೊಂಡ. ದೊಡ್ಡಪ್ಪನ ಬಾಯಿ ಮುಚ್ಚಿಸಿದವರು ಊರಲ್ಲಿ ನಾನೊಬ್ಬಳೇ ಇರಬೇಕು.

ಬೇಸಿಗೆಯ ಆ ಮಧ್ಯಾಹ್ನಗಳು ನನ್ನ ಜೀವನದ ಬಲು ಸುಖದ ಹೊತ್ತು. ಹೊರಗೆ ಕೆಂಡದಂಥ ಬಿಸಿಲು, ಗುಂಡಿಯೊಳಗೆ ಕಾಲಿಗೆ ತಣ್ಣನೆಯ ಮಣ್ಣು. ಲಾಳಿ ಹೋಗುವುದು, ಬರುವುದು, ಹಲಗೆ ಬಡಿಯುವುದು. ಕಾಲು ಕೈ ಒಂದಕ್ಕೊಂದು ಮಾತು ಕೇಳುತ್ತಿದ್ದವು. ಹೊಸೆದು ಸೇರಿಸಿದ ಎಳೆಗಳು ಎಲ್ಲಿ ಅಂತ ಹುಡುಕಿದೆ, ನಿಜಕ್ಕೂ ನನಗೇ ಸಿಗಲಿಲ್ಲ. ಒಂದು ದಿನ ಮಗ್ಗದಿಂದ ಎದ್ದು ಮನೆಗೆ ಬಂದವಳು, ಯಾರೂ ಹೇಳದೆ, ಗೋಡೆಯಿಂದ ಗಿಣಿ ಇಳಿಸಿ ಅದಕ್ಕೆ ಬಾಲ ಹಾಕಿದೆ. ಹುರುಪಿನಲ್ಲಿ ಸ್ವಲ್ಪ ಉದ್ದವಾಗಿ ನವಿಲಿನ ಹಾಗಾಯಿತು. ಅವ್ವ ನೋಡಿ, "ಇಷ್ಟು ವರ್ಷದ ಬಡ್ಡೀನೂ ಸೇರಿಸಿ ಹಾಕಿದೀಯ ಬಿಡು" ಅಂದಳು. ಅವಳ ಕಣ್ಣು ಒದ್ದೆಯಾಗಿದ್ದವು.

ಕಂಬಳಿ ಇಳಿಸಿ, ನೀರು ಹಾಕಿ ಕಾಲಿನಿಂದ ತುಳಿದು ತುಳಿದು ದಟ್ಟ ಮಾಡಿ, ಒಣಗಿಸಿ, ಮಡಿಸಿ ಅಪ್ಪನ ಮುಂದೆ ಇಟ್ಟೆ. ಅಪ್ಪ ಬೆರಳಲ್ಲಿ ಮುಟ್ಟಿಯೂ ನೋಡಲಿಲ್ಲ. "ಮಳೆ ಬರ್ಲಿ" ಅಂದ.

ಮಳೆ ಬಂತು, ರೋಹಿಣಿ ಮಳೆ. ಬೆಳಿಗ್ಗೆಯೇ ಮೋಡ ಕಟ್ಟಿತ್ತು. ಅಪ್ಪ ನನ್ನ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಂದೆಯ ಹಿಂದೆ ಹೊರಟ. ಹೊರಡುವ ಮೊದಲು ಬೀಡಿ, ಬೆಂಕಿಪೊಟ್ಟಣ ಅಂಗಿಯ ಎದೆಯ ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ. ಮಧ್ಯಾಹ್ನ ಶುರುವಾದ ಮಳೆ ಎಡೆಬಿಡದೆ ಸುರಿಯಿತು. ಹೆಂಚಿನ ಮೇಲೆ ಕಲ್ಲು ಎಸೆದ ಹಾಗೆ. ಅದುವರೆಗೆ ಮಳೆ ಅಂದರೆ ಕುಣಿಯುತ್ತಿದ್ದವಳು ಅವತ್ತು ಜಗಲಿಯ ಕಂಬ ಹಿಡಿದು, ಸಾಕು ನಿಲ್ಲಪ್ಪ, ಸಾಕು ಅಂತ ಬೇಡಿಕೊಂಡೆ. ದೊಡ್ಡಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತ. ಅವನದೂ ಮಾನ ಇದೆಯಲ್ಲ ಅದರಲ್ಲಿ. ಅವತ್ತು ಅವನೂ ಮಾತಾಡಲಿಲ್ಲ.

ಸಂಜೆ ಮಂದೆ ಬಂತು, ಹಿಂದೆ ಅಪ್ಪ ಬಂದ. ಮೊಣಕಾಲವರೆಗೆ ಕೆಸರು, ಪಂಚೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೊಪ್ಪೆ ತೆಗೆದು ಜಾಡಿಸಿ ಗೂಟಕ್ಕೆ ನೇತುಹಾಕಿದ. ನಾವು ಮೂವರೂ ಅವನ ಮುಖ ನೋಡುತ್ತಾ ನಿಂತೆವು. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಜೇಬಿಗೆ ಕೈ ಹಾಕಿ ಬೀಡಿ ತೆಗೆದು ತುಟಿಗಿಟ್ಟುಕೊಂಡ. ಬೆಂಕಿಪೊಟ್ಟಣ ತೆಗೆದ. ಕಡ್ಡಿ ಗೀರಿದ.

ಒಂದೇ ಗೀರಿಗೆ ಹತ್ತಿತು.

ಹೊಗೆ ಬಿಟ್ಟು, "ಅಟ್ಟದ ಮೇಲೆ ಟ್ರಂಕು ಐತೆ, ಇಳಿಸಿ ಒರೆಸ್ಕ" ಅಂದ.

ದೊಡ್ಡಪ್ಪ ಕೇಕೆ ಹಾಕಿದ್ದಕ್ಕೆ ಕುರಿಗಳು ಬೆದರಿದವು. ನನಗೆ ಕಾಲು ನಿಲ್ಲಲಿಲ್ಲ, ಮಳೆಯಲ್ಲೇ ಅಂಗಳಕ್ಕೆ ಹಾರಿದೆ. ಅವ್ವ ಮಾತ್ರ ಅವ್ವನೇ, ನಂಬದೆ ಅಪ್ಪನ ಹಿಂದೆ ಹೋಗಿ ಅಂಗಿಯ ಬೆನ್ನಿನ ಮೇಲೆ ಅಂಗೈ ಆಡಿಸಿದಳು. ಎಡಭುಜದ ಹತ್ತಿರ ಕೈ ನಿಂತಿತು. "ಇಲ್ಲಿ ಒದ್ದೆ ಐತಲ್ಲ?"

"ಬೆವರು" ಅಂದ ಅಪ್ಪ.

"ಈ ಮಳೇಗೆ ಎಂಥ ಬೆವರು?"

"ಕಂಬಳಿ ಅಷ್ಟು ಬೆಚ್ಚಗೈತೆ ಕಣೆ, ಏನು ಮಾಡ್ಲಿ" ಅಂದು ಅಪ್ಪ ಹೊಗೆ ಬಿಟ್ಟ. ಈ ಸಲ ಮೀಸೆ ಅದುರಿದ್ದನ್ನು ಮುಚ್ಚಿಕೊಳ್ಳಲಿಲ್ಲ.

ಬೆವರೋ ಮಳೆಯೋ, ದೇವರಿಗೇ ಗೊತ್ತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮುಂದೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಅಂತ ಎಲ್ಲ ತಾಲೂಕಿನ ಶಾಲೆಗಳಲ್ಲೂ ಪಾಠ ಮಾಡಿದೆ. ಭಾಗಾಕಾರ ಬರಲ್ಲ ಅಂತ ಅಳುವ ಮಕ್ಕಳ ಪಕ್ಕದಲ್ಲಿ ಕೂತು, ಬೈಯದೆ, "ಇನ್ನೊಂದ್ಸಲ" ಅನ್ನುತ್ತಿದ್ದೆ. ಅಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಇವತ್ತು ಟೆಸ್ಟ್ ಮಾಡಿದ ಹುಡುಗ ನನಗೆ ಅಂದದ್ದೂ ಅದನ್ನೇ.

ಹೊಸದುರ್ಗ ಹತ್ತಿರ ಬಂದಿತ್ತು, ಮಳೆ ನಿಂತಿತ್ತು. ಪಕ್ಕದಲ್ಲಿದ್ದ ಯಜಮಾನರು ಈಗ ನಂಬಿದ್ದರು. "ಅಲ್ಲಮ್ಮ, ಆ ಕಂಬಳಿ ಟ್ರೈನಿಂಗಿಗೆ ತಗಂಡು ಹೋದ್ರಾ? ಎಲ್ಲೈತೆ ಈಗ?" ಅಂತ ಕೇಳಿದರು.

ತಗೊಂಡು ಹೋಗಬೇಕು ಅಂತಲೇ ಇದ್ದೆ. ಹೊರಡುವ ದಿನ ಬೆಳಿಗ್ಗೆ ಟ್ರಂಕಿನ ತಳದಲ್ಲಿ ಕಂಬಳಿ ಹಾಸಿ, ಅದರ ಮೇಲೆ ಸೀರೆ ಜೋಡಿಸಿ, ಮುಚ್ಚಿ ಬೀಗ ಹಾಕಿದ್ದೆ. ದುರ್ಗದ ಹುಡುಗಿಯರಿಗೆಲ್ಲ ತೋರಿಸಿ ಮೆರೆಯಬೇಡವೇ! ಅಪ್ಪ ಬಂದು ಬೀಗ ತೆಗೆಸಿದ. ಸೀರೆಗಳನ್ನೆಲ್ಲ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಳಿ ಎಳೆದುಕೊಂಡು ಹೆಗಲ ಮೇಲೆ ಹಾಕಿಕೊಂಡ.

"ಅಪ್ಪ, ನಾನು ನೇಯ್ದಿದ್ದು ಅದು!" ಅಂದೆ.

"ಇದು ನಂದು" ಅಂದ ಅಪ್ಪ. "ನಿನಗೆ ಬೇಕಂದ್ರೆ ಇನ್ನೊಂದು ನೇಯ್ಕ. ಬರ್ತೈತಲ್ಲ ನಿನಗೆ."